ಯಾವ ಧಾರಾವಾಹಿಗೆ ದುಡ್ಡು ಕೊಡುವುದು? ಮುಗಿದ ಕಥೆಗಾ, ಈಗಷ್ಟೇ ಶುರುವಾದದ್ದಕ್ಕಾ?

ಬಿಜೈ ಬೆಳದಿಂಗಳು

ಯಕ್ಷಗಾನದ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆಯಿತು, ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ದೀಪಾವಳಿ ಕಳೆಯುವವರೆಗೆ ಬಯಲಾಟಕ್ಕೆ ಹೋಗುವ ಮಾತಿಲ್ಲ. ಮಂಗಳೂರಿನ ಮಳೆಯಲ್ಲಿ ಸಂಜೆ ಮನೆಯೇ ಗತಿ. ಅದಕ್ಕೆ ಈ ಮಳೆಗಾಲಕ್ಕೆ ಅಂತ ಎರಡು ಸಾವಿರ ರೂಪಾಯಿ ಬೇರೆ ತೆಗೆದಿಟ್ಟಿದ್ದೇವೆ, ಒಳ್ಳೆಯ ಧಾರಾವಾಹಿ ನೋಡಲಿಕ್ಕೆ. ನೋಡುವವರು ನಾನು, ನಮ್ಮವರು ಮತ್ತು ಅತ್ತೆ. ಅತ್ತೆಗೆ ತುಳು, ಕನ್ನಡ ಎರಡೂ ಬರುತ್ತದೆ, ಹಿಂದಿ ಸ್ವಲ್ಪ ಅರ್ಥ ಆಗುತ್ತದೆ. ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡುವುದು ಅವರಿಂದ ಆಗುವುದಿಲ್ಲ.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ: ಕಥೆ ಪೂರ್ತಿ ಮುಗಿದಿದ್ದರೆ ಮಾತ್ರ ದುಡ್ಡು. ಕಾರಣ ಹೇಳುತ್ತೇನೆ. ಜರ್ಮನಿಯ ‘ಡಾರ್ಕ್’ 2017ರಿಂದ 2020ರವರೆಗೆ ಮೂರು ಸೀಸನ್, ಒಟ್ಟು 26 ಕಂತು ಬಂತು. ಕಟ್ಟಿದ ಗಂಟನ್ನೆಲ್ಲ ಬಿಚ್ಚಿ ಮುಗಿಸಿದರು. ಅದನ್ನು ಮಾಡಿದ ಜೋಡಿಯೇ 2022ರಲ್ಲಿ ‘1899’ ಮಾಡಿತು. ಎಂಟು ಕಂತು ಆದ ಮೇಲೆ ರದ್ದು. ಕೊನೆಯ ಕಂತಿನಲ್ಲಿ ಕಥೆ ಹೊಸದಾಗಿ ತೆರೆದುಕೊಂಡಿತ್ತು, ಮುಂದೆ ಏನೂ ಇಲ್ಲ. ಆಟದಲ್ಲಿ ಮಂಗಳ ಹಾಡುವ ಮೊದಲೇ ಚೌಕಿ (ಬಣ್ಣದ ಮನೆ) ಖಾಲಿ ಮಾಡಿದ ಹಾಗೆ. ಅಷ್ಟು ಹೊತ್ತು ಮನಸ್ಸು ಕೊಟ್ಟು ಕೂತವರಿಗೆ ಅದು ಅನ್ಯಾಯ ಅಲ್ವಾ?

ಈ ನಿಯಮ ಸರಿಯಾ, ಮತ್ತು ಯಾವುದರಿಂದ ಶುರು ಮಾಡುವುದು, ಹೇಳಿ.

ಮಣಿಪಾಲದ ಮಳೆ

ಅಕ್ಕ, ನಿಯಮ ಅರ್ಧ ಸರಿ. ಮುಗಿದದ್ದು ಬೇರೆ, ನಿಂತದ್ದು ಬೇರೆ. ಪಟ್ಟಿಯಲ್ಲಿ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತದೆ. ‘ಮೈಂಡ್‌ಹಂಟರ್’ 2017 ಮತ್ತು 2019ರಲ್ಲಿ ಎರಡು ಸೀಸನ್ ಬಂತು, ಅಲ್ಲಿಗೇ ಬಿಟ್ಟರು. ‘ಡೆಡ್‌ವುಡ್’ 2004ರಿಂದ 2006, 36 ಕಂತು, ನಡುವೆಯೇ ನಿಂತಿತು. ಕೊನೆ ಸಿಕ್ಕಿದ್ದು 2019ರಲ್ಲಿ, ಅದೂ ಒಂದು ಸಿನಿಮಾ ರೂಪದಲ್ಲಿ. ಆದರೂ ಎರಡನ್ನೂ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ‘ಡೆಡ್‌ವುಡ್’ನಲ್ಲಿ ಒಂದು ಊರು ಹೇಗೆ ಹುಟ್ಟುತ್ತದೆ, ಕಾನೂನು ಇಲ್ಲದ ಜಾಗಕ್ಕೆ ಕಾನೂನು ಹೇಗೆ ಬರುತ್ತದೆ ಎನ್ನುವುದೇ ಮುಖ್ಯ. ಕೊನೆ ಏನಾಯಿತು ಎನ್ನುವುದು ಅಲ್ಲಿ ಅಷ್ಟು ದೊಡ್ಡದಲ್ಲ.

ಒಗಟಿನ ಮೇಲೆ ನಿಂತ ಕಥೆಗೆ ಕೊನೆ ಬೇಕೇ ಬೇಕು. ಮನುಷ್ಯರ ಮೇಲೆ ನಿಂತ ಕಥೆಗೆ ಹಾಗಿಲ್ಲ. ಮೊದಲ ಕಂತು ನೋಡುವಾಗಲೇ ಇದು ಯಾವ ಜಾತಿ ಎಂದು ಗೊತ್ತಾಗುತ್ತದೆ. ಮುಂದೇನು ಎಂದು ಕುತೂಹಲ ಬಂತಾ, ಇವರ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕು ಅನಿಸಿತಾ? ಎರಡನೆಯದಾದರೆ ಧೈರ್ಯವಾಗಿ ನೋಡಿ.

ಒಂದೇ ವಾರದಲ್ಲಿ ಪೂರ್ತಿ ಆಗುವಂಥದ್ದು ಬೇಕಾದರೆ 2019ರ ‘ಚೆರ್ನೋಬಿಲ್’, ಸೋವಿಯತ್ ಅಣುಸ್ಥಾವರದ ದುರಂತದ ಕಥೆ. ಐದೇ ಕಂತು. ಒಂದು ದೃಶ್ಯ ಕೂಡ ಜಾಸ್ತಿ ಇಲ್ಲ. ಕೈಗಾ ಅಣುಸ್ಥಾವರ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇರುವುದರಿಂದ ನಮ್ಮವರು ನೋಡಲೇಬೇಕು ಎಂದು ನನ್ನ ಅಭಿಪ್ರಾಯ. ಹೆದರಿಸಲಿಕ್ಕೆ ಹೇಳುವುದಲ್ಲ. ತಪ್ಪು ನಡೆದಾಗ ಅದನ್ನು ಮುಚ್ಚಿಡುವುದು ಎಷ್ಟು ಜನರ ಜೀವಕ್ಕೆ ಕುತ್ತು ತರುತ್ತದೆ ಎಂದು ಅಷ್ಟು ಸ್ಪಷ್ಟವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಜೆಪ್ಪು ಜಂಕ್ಷನ್

ಕೊರಿಯಾದವರ ಸರಣಿ ನೋಡಿ. ಹೆಚ್ಚಾಗಿ ಒಬ್ಬರೇ ಬರೆಯುತ್ತಾರೆ, ಹದಿನಾರೋ ಇಪ್ಪತ್ತೋ ಕಂತು, ಒಂದೇ ಸೀಸನ್‌ನಲ್ಲಿ ಕಥೆ ಮುಗಿಯುತ್ತದೆ. ‘ರಿಪ್ಲೈ 1988’ ಬೆಸ್ಟ್. ಸೋಲ್ ನಗರದ ಒಂದು ಓಣಿ, ಐದು ಮನೆ. ಒಂದು ಮನೆಯಲ್ಲಿ ಏನಾದರೂ ಮಾಡಿದರೆ ಮಕ್ಕಳ ಕೈಯಲ್ಲಿ ಉಳಿದ ನಾಲ್ಕೂ ಮನೆಗೆ ಹೋಗುತ್ತದೆ. ನಮ್ಮ ಹಳೇ ವಠಾರ ಕಣ್ಣ ಮುಂದೆ ಬರುತ್ತದೆ.

ಸುರತ್ಕಲ್ ಶಿಫ್ಟ್

ನಾನು ಒಂದೇ ಹೆಸರು ಹೇಳುತ್ತೇನೆ, ಆದರೆ ಸ್ವಲ್ಪ ಉದ್ದ ಬರೆಯುತ್ತೇನೆ. ‘ದಿ ವೈರ್’. 2002ರಿಂದ 2008, ಐದು ಸೀಸನ್, 60 ಕಂತು. ದಿನಕ್ಕೆ ಒಂದರಂತೆ ನೋಡಿದರೂ ಎರಡು ತಿಂಗಳು ಬೇಕು. ಬರೆದ ಡೇವಿಡ್ ಸೈಮನ್ ಬಾಲ್ಟಿಮೋರ್ ನಗರದಲ್ಲಿ ಪತ್ರಿಕೆಯ ವರದಿಗಾರರಾಗಿದ್ದವರು. ಅದೇ ಊರಿನ ಕಥೆ. ಒಂದೊಂದು ಸೀಸನ್‌ನಲ್ಲಿ ಊರಿನ ಒಂದೊಂದು ಭಾಗ ತೆರೆಯುತ್ತದೆ: ಮಾದಕ ವಸ್ತುವಿನ ದಂಧೆ, ಬಂದರು, ನಗರಾಡಳಿತ, ಶಾಲೆ, ಕೊನೆಗೆ ಪತ್ರಿಕೆ.

ನಾನು ಹೇಳಬೇಕೆಂದಿರುವುದು ಎರಡನೇ ಸೀಸನ್ ಬಗ್ಗೆ. ಮೊದಲ ಸೀಸನ್ ಮೆಚ್ಚಿದ ತುಂಬಾ ಜನ ಎರಡನೆಯದರಲ್ಲಿ ಬಿಟ್ಟುಬಿಡುತ್ತಾರೆ. ಇಷ್ಟಪಟ್ಟ ಪಾತ್ರಗಳೆಲ್ಲ ಹಿಂದೆ ಸರಿಯುತ್ತವೆ, ಬಂದರಿನ ಹಮಾಲರು ಮುಂದೆ ಬರುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಹತ್ತಿರದ ಸೀಸನ್. ಅಲ್ಲಿನ ಕಾರ್ಮಿಕರ ಸಂಘದ ಮುಖಂಡನಿಗೆ ಒಂದೇ ಹಂಬಲ: ಕಾಲುವೆಯ ಹೂಳು ತೆಗೆಯಬೇಕು, ಧಾನ್ಯದ ಹಡಗುಕಟ್ಟೆ ಮತ್ತೆ ನಡೆಯಬೇಕು, ಹಡಗು ಬರಬೇಕು, ತನ್ನ ಹುಡುಗರಿಗೆ ಕೆಲಸ ಸಿಗಬೇಕು. ಅದಕ್ಕಾಗಿ ಕಳ್ಳಸಾಗಣೆಯವರ ಕೈಗೆ ಸಿಕ್ಕಿಬೀಳುತ್ತಾನೆ. ಅವನನ್ನು ಕೆಟ್ಟವನು ಎಂದು ದೂರ ತಳ್ಳಲಿಕ್ಕೆ ಆಗುವುದಿಲ್ಲ.

ನಮ್ಮ ಊರಿನ ಬಂದರ್ ನೋಡಿದವರಿಗೆ ಇದು ಪಕ್ಕದ ಮನೆಯ ಕಥೆ. 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆ ಆಯಿತು. ದೊಡ್ಡ ಹಡಗೆಲ್ಲ ಅಲ್ಲಿಗೆ. ಹಳೇ ಬಂದರಿಗೆ ಉಳಿದದ್ದು ಮೀನುಗಾರಿಕೆಯ ಬೋಟು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಮರದ ಹಡಗುಗಳು. ಅಳಿವೆ ಬಾಗಿಲಿನ ಹೂಳೆತ್ತುವ ಮಾತು ನಾನು ಸಣ್ಣವನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಹೂಳು ಅಂದರೆ ಯಾರದ್ದೋ ಹೊಟ್ಟೆಪಾಡು ಎಂದು ಅರ್ಥ ಮಾಡಿಕೊಂಡು ಬರೆದ ಸರಣಿ ಅದೊಂದೇ.

ಮೂರು ಕಂತು ನೋಡಿ ಹಿಡಿಸದಿದ್ದರೆ ಬಿಡುವ ನಿಯಮ ಇದಕ್ಕೆ ಹಾಕಬೇಡಿ. ಮೊದಲ ನಾಲ್ಕೈದು ಕಂತು ಯಾರು ಯಾರು ಎಂದೇ ತಿಳಿಯುವುದಿಲ್ಲ. ಆಮೇಲೆ ಬಿಡುವುದಿಲ್ಲ. ಬೈಗುಳ ತುಂಬಾ ಉಂಟು, ಅತ್ತೆ ಜೊತೆ ನೋಡುವಂಥದ್ದಲ್ಲ.

ಕಟಪಾಡಿ ಮಲ್ಲಿಗೆ

ಎಲ್ಲರದ್ದೂ ಓದಿದೆ. ಒಳ್ಳೆಯ ಹೆಸರುಗಳು. ಆದರೆ ಬೆಳದಿಂಗಳು ಅಕ್ಕನ ನಿಯಮಕ್ಕೆ ನನ್ನ ವಿರೋಧ ಉಂಟು. ಎಲ್ಲರೂ ಮುಗಿಯಲಿ, ಆಮೇಲೆ ನೋಡುವ ಎಂದು ಕಾದು ಕೂತರೆ ಮುಗಿಸುವವರು ಯಾರು? ಮೊದಲ ಸೀಸನ್ ಜನ ನೋಡಲಿಲ್ಲ ಎಂದೇ ಎರಡನೆಯದು ಬರುವುದಿಲ್ಲ. ಇಂಗ್ಲಿಷಿನವರಿಗೆ, ಕೊರಿಯಾದವರಿಗೆ ಲೋಕವೆಲ್ಲ ವೀಕ್ಷಕರು. ನಾವು ಕಾದರೂ ಅವರಿಗೆ ನಷ್ಟ ಇಲ್ಲ. ಕನ್ನಡಕ್ಕೆ ನಾವಷ್ಟೇ ಇರುವುದು.

‘ಏಕಂ’ ಏನಾಯಿತು ನೋಡಿ. ನಮ್ಮದೇ ಕರಾವಳಿಯ ಏಳು ಕಥೆಗಳು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ, ಪ್ರಕಾಶ್ ತುಮಿನಾಡು, ಮಾನಸಿ ಸುಧೀರ್ ಇದ್ದಾರೆ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಜೊತೆಗಿತ್ತು. 2020ರ ಆರಂಭದಲ್ಲಿ ಶುರು, 2021ರಲ್ಲಿ ಕೆಲಸ ಮುಗಿಯಿತು. ಒಂದು ಒಟಿಟಿಯೂ ತೆಗೆದುಕೊಳ್ಳಲಿಲ್ಲ. ಸಿದ್ಧ ಇದ್ದ ಸರಣಿ ಸುಮ್ನೆ ಡಬ್ಬದಲ್ಲಿ ಕೂತಿತ್ತು. ಕೊನೆಗೆ 2024ರ ಜುಲೈ 13ಕ್ಕೆ ಸ್ವಂತ ಜಾಲತಾಣ ಮಾಡಿ, ಅಲ್ಲೇ 149 ರೂಪಾಯಿಗೆ ಬಿಡುಗಡೆ ಮಾಡಿದರು. ಯಾವ ಚಂದಾವೂ ಬೇಡ, ಸರಣಿಗೆ ಮಾತ್ರ ದುಡ್ಡು. ಆ ದುಡ್ಡು ನೇರವಾಗಿ ಮಾಡಿದವರಿಗೇ ಹೋಗುತ್ತದೆ.

ಒಂದು ಒಟಿಟಿ ಕಂಪನಿಗೆ ನಾವು ತಿಂಗಳ ಚಂದಾ ಕಟ್ಟಿದರೆ ಅದರಲ್ಲಿ ಕನ್ನಡಕ್ಕೆ ಎಷ್ಟು ಹೋಗುತ್ತದೆ ಎಂದು ನಮಗೆ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ಏಳೂ ಬೇರೆ ಬೇರೆ ಕಥೆ, ಹಾಗಾಗಿ ಅರ್ಧಕ್ಕೆ ನಿಲ್ಲುವ ಭಯವೂ ಇಲ್ಲ. ಎಲ್ಲ ಕಥೆಯೂ ಒಂದೇ ಮಟ್ಟದಲ್ಲಿ ಇದೆ ಎಂದು ನಾನು ಹೇಳುವುದಿಲ್ಲ. ಕೆಲವು ತುಂಬಾ ನಿಧಾನ. ಆದರೆ ಆ ಮನೆಗಳು, ಆ ಮಳೆ, ಮಾತಿನ ನಡುವೆ ಸುಮ್ಮನಾಗುವ ನಮ್ಮ ಊರಿನ ಜನರ ಆ ರೀತಿ, ಇದನ್ನೆಲ್ಲ ಇಷ್ಟು ಸಹಜವಾಗಿ ತೋರಿಸಿದ್ದು ಅಪರೂಪ. ಟಿವಿಯಲ್ಲಿ ಮಂಗಳೂರು ಕನ್ನಡ ಅಂದರೆ ನಗಿಸಲಿಕ್ಕೆ ಇರುವ ಅಡುಗೆಭಟ್ಟನ ಪಾತ್ರ ಎನ್ನುವ ಹಾಗೆ ಆಗಿತ್ತು. ಇಲ್ಲಿ ಆ ಮಾತಿನಲ್ಲಿ ಜನ ಅಳುತ್ತಾರೆ, ಜಗಳ ಮಾಡುತ್ತಾರೆ, ಸಾಲ ಕೇಳುತ್ತಾರೆ.

2025ರಲ್ಲಿ ಝೀ5 ‘ಅಯ್ಯನ ಮನೆ’ ತಂದಿತು, ಅದೇ ವರ್ಷ ‘ಶೋಧ’, ‘ಮಾರಿಗಲ್ಲು’ ಬಂತು. ಅಂದರೆ ಬಾಗಿಲು ಸ್ವಲ್ಪ ತೆರೆದಿದೆ. ಈಗಲೇ ನೋಡುವವರು ಬೇಕು.

ಜೆಪ್ಪು ಜಂಕ್ಷನ್

ಚಂದಾದ ಲೆಕ್ಕವೂ ಹೇಳಿಬಿಡುತ್ತೇನೆ. 2021ರ ಡಿಸೆಂಬರ್‌ನಲ್ಲಿ ಒಂದೇ ಹೊತ್ತಿಗೆ ನೆಟ್‌ಫ್ಲಿಕ್ಸ್ ದರ ಇಳಿಸಿತು, ಪ್ರೈಮ್ ಏರಿಸಿತು. ನೆಟ್‌ಫ್ಲಿಕ್ಸ್‌ನ ಬೇಸಿಕ್ ತಿಂಗಳಿಗೆ 499ರಿಂದ 199ಕ್ಕೆ ಬಂತು, ಪ್ರೈಮ್ ವರ್ಷಕ್ಕೆ 999ರಿಂದ 1499 ಆಯಿತು. 2025ರ ಜೂನ್‌ನಿಂದ ಪ್ರೈಮ್‌ನಲ್ಲಿ ಜಾಹೀರಾತು ಬೇರೆ. ಬೇಡ ಎಂದರೆ ವರ್ಷಕ್ಕೆ 699 ಜಾಸ್ತಿ. ಎಲ್ಲವನ್ನೂ ವರ್ಷಕ್ಕೆ ಕಟ್ಟುವುದು ಬೇಡ. ಒಂದು ತಿಂಗಳು ಒಂದು, ಅದು ಮುಗಿಸಿ ಇನ್ನೊಂದು. ಎರಡು ಸಾವಿರದಲ್ಲಿ ಮಳೆಗಾಲ ಆರಾಮ ಕಳೆಯುತ್ತದೆ.

ದುಬೈನಿಂದ ಉಳ್ಳಾಲ

ಚಂದಾದಲ್ಲಿ ಇನ್ನೊಂದು ತೊಂದರೆ ಉಂಟು. ಸರಣಿ ಅಲ್ಲೇ ಇರುತ್ತದೆ ಎಂದು ಖಾತ್ರಿ ಇಲ್ಲ. 2023ರ ಮಾರ್ಚ್ 31ಕ್ಕೆ ಅಮೆರಿಕದ ಎಚ್‌ಬಿಒ ಚಾನೆಲ್‌ನ ಸರಣಿಗಳೆಲ್ಲ ಭಾರತದಲ್ಲಿ ಇದ್ದ ಜಾಗದಿಂದ ಇಳಿದವು. ‘ದಿ ವೈರ್’, ‘ಚೆರ್ನೋಬಿಲ್’ ಎಲ್ಲ. ಸ್ವಲ್ಪ ಸಮಯದ ಮೇಲೆ ಬೇರೆ ಕಡೆ ಬಂದವು. ಪ್ರಾಣಕ್ಕೆ ಪ್ರಾಣ ಅನಿಸುವಂಥ ಸರಣಿ ಇದ್ದರೆ ಡಿಸ್ಕ್ ಕೊಳ್ಳಿ. ನಾನು ಊರಿಗೆ ಬರುವಾಗ ತರುತ್ತೇನೆ.

ಆದರೆ ತರಿಸುವವರು ಒಂದು ವಿಷಯ ನೋಡಬೇಕು. ಡಿವಿಡಿಗೆ ಪ್ರದೇಶದ ಸಂಖ್ಯೆ ಇರುತ್ತದೆ. ಭಾರತ 5, ಗಲ್ಫ್ ಮತ್ತು ಬ್ರಿಟನ್ 2, ಅಮೆರಿಕ 1. ಬ್ಲೂರೇಗೆ ಬೇರೆ ಲೆಕ್ಕ: ಭಾರತ ಸಿ, ಗಲ್ಫ್ ಮತ್ತು ಬ್ರಿಟನ್ ಬಿ, ಅಮೆರಿಕ ಎ. ಅಲ್ಲಿ ತೆಗೆದ ಡಿಸ್ಕ್ ಇಲ್ಲಿಯ ಪ್ಲೇಯರ್‌ನಲ್ಲಿ ಓಡದೇ ಇರಬಹುದು. ಎಲ್ಲ ಪ್ರದೇಶಕ್ಕೂ ನಡೆಯುವ ಪ್ಲೇಯರ್ ಸಿಗುತ್ತದೆ, ಮೊದಲು ಅದನ್ನು ಕೇಳಿ ತೆಗೆದುಕೊಳ್ಳಿ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ಪ್ರದೇಶ ಬದಲಾಯಿಸಬಹುದು, ಆದರೆ ಐದೇ ಸಲ. ಆಮೇಲೆ ಕೊನೆಯದಕ್ಕೇ ಲಾಕ್.

ಪೆಟ್ಟಿಗೆಯ ಹಿಂದೆ ಕಂತುಗಳ ಸಂಖ್ಯೆ ಓದಿ. ಮುಖಪುಟದಲ್ಲಿ ಸರಣಿಯ ಹೆಸರು ದೊಡ್ಡದಾಗಿ ಇರುತ್ತದೆ, ಮೊದಲ ಸೀಸನ್ ಮಾತ್ರ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮತ್ತೆ ನಮ್ಮ ಊರಿನ ತೇವಕ್ಕೆ ಡಿಸ್ಕ್‌ಗೂ ಬೂಸ್ಟು ಹಿಡಿಯುತ್ತದೆ. ಗಾಳಿ ಆಡದ ಮರದ ಕಪಾಟಿನಲ್ಲಿ ಇಡಬೇಡಿ. ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ನೆಟ್ಟಗೆ ನಿಲ್ಲಿಸಿ ಇಡಿ.

ಬಿಜೈ ಬೆಳದಿಂಗಳು

ಮಲ್ಲಿಗೆ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಆದರೂ ಒಂದು ಪ್ರಶ್ನೆ. ನಮ್ಮ ಭಾಷೆ ಎಂಬ ಒಂದೇ ಕಾರಣಕ್ಕೆ ದುಡ್ಡು ಕೊಡಬೇಕಾ? ಕೆಟ್ಟದಾಗಿ ಮಾಡಿದರೂ?

ಕಟಪಾಡಿ ಮಲ್ಲಿಗೆ

ಕೆಟ್ಟದಕ್ಕೆ ಬೇಡ ಅಕ್ಕ. ಖಂಡಿತ ಬೇಡ. ಮೊದಲ ಸಲಕ್ಕೆ ಒಂದು ಅವಕಾಶ ಕೊಡಿ ಎಂದಷ್ಟೇ ನಾನು ಹೇಳುವುದು. ಇಂಗ್ಲಿಷ್ ಸರಣಿಗೆ ನಾಲ್ಕೈದು ಕಂತು ತಡೆದುಕೊಳ್ಳಿ ಎಂದು ಸುರತ್ಕಲ್ ಅಣ್ಣ ಹೇಳಿದರು, ನಾವು ಒಪ್ಪಿದೆವು. ಕನ್ನಡಕ್ಕೆ ಮಾತ್ರ ಹತ್ತು ನಿಮಿಷ ನೋಡಿ ಬಂದ್ ಮಾಡುತ್ತೇವೆ. ಅದೇ ತಾಳ್ಮೆ ಇಲ್ಲಿಗೂ ಬೇಕು. ಇಷ್ಟ ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಇಂಥ ಕಡೆ ಬರೆಯಿರಿ. ಅದೂ ಅವರಿಗೆ ಬೇಕಾದದ್ದೇ.

ಸುರತ್ಕಲ್ ಶಿಫ್ಟ್

ಈ ಮಾತು ನಾನೂ ಒಪ್ಪುತ್ತೇನೆ. ‘ಏಕಂ’ ಈ ವಾರ ತೆಗೆದುಕೊಳ್ಳುತ್ತೇನೆ.

ಕುಂದಾಪುರ ಕೋಡಿ

ಅತ್ತೆಯವರ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ ಮಾರಾಯ್ರೆ. ಮೂರು ಜನ ಒಟ್ಟಿಗೆ ಕೂತು ನೋಡುವುದೇ ಮುಖ್ಯ ಆದರೆ ಹುಡುಕುವ ಕ್ರಮವೇ ಬೇರೆ.

ನನ್ನ ಮೊದಲ ಹೆಸರು ‘ಗುಡ್ಡದ ಭೂತ’. ದೂರದರ್ಶನದಲ್ಲಿ ಬಂದ 13 ಕಂತಿನ ಧಾರಾವಾಹಿ. ಮಾಡಿದವರು ಮೂಲ್ಕಿಯ ಸದಾನಂದ ಸುವರ್ಣ. ರಂಗಭೂಮಿಯವರು, 1977ರ ‘ಘಟಶ್ರಾದ್ಧ’ ಸಿನಿಮಾದ ನಿರ್ಮಾಪಕರು. ಪ್ರಕಾಶ್ ರಾಜ್ ಆಗ ಇನ್ನೂ ಪ್ರಕಾಶ್ ರೈ, ಎಳೆಯ ಮುಖ. ಭೂತದ ಭಯ ಇಟ್ಟುಕೊಂಡು ಮನುಷ್ಯರ ಆಸೆಯನ್ನು ತೋರಿಸಿದ ಕಥೆ. ಆಗ ಬಂದ ಹೊತ್ತಿಗೆ ನಮ್ಮ ಓಣಿಯಲ್ಲಿ ಟಿವಿ ಇದ್ದ ಮನೆಯ ಜಗಲಿ ತುಂಬಿರುತ್ತಿತ್ತು. ಈಗ ನೋಡಿದರೆ ಚಿತ್ರ ಮಂಕು, ಧ್ವನಿ ಅಲ್ಲಲ್ಲಿ ಕುಗ್ಗುತ್ತದೆ. ಆದರೂ ಹಿಡಿತ ಬಿಡುವುದಿಲ್ಲ. ಅತ್ತೆಗೆ ಆ ಶೀರ್ಷಿಕೆ ಗೀತೆ ಖಂಡಿತ ನೆನಪಿರುತ್ತದೆ, ಕೇಳಿ ನೋಡಿ.

ಎರಡನೆಯದು ‘ಮಾಲ್ಗುಡಿ ಡೇಸ್’. ಶಂಕರ್ ನಾಗ್, 1986-87. ಹಿಂದಿಯಲ್ಲಿ ಇದ್ದರೂ ಅತ್ತೆಗೆ ಅರ್ಥ ಆಗುವಷ್ಟು ಸರಳ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲೇ ಆ ಊರು ಕಟ್ಟಿದ್ದು. ಒಂದೊಂದು ಕಂತು ಅರ್ಧ ಗಂಟೆಗೂ ಕಡಿಮೆ. ಅಡುಗೆ ಒಲೆ ಮೇಲೆ ಇಟ್ಟು ಬಂದು ಕೂತರೂ ಆಗುತ್ತದೆ. ಎಲ್.ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ. ಇದಕ್ಕಿಂತ ಒಳ್ಳೆಯ ಮಳೆಗಾಲದ ಸಂಗಾತಿ ನನಗೆ ಗೊತ್ತಿಲ್ಲ.

ಮೂರನೆಯದು ಟಿ.ಎನ್. ಸೀತಾರಾಮ್ ಅವರದ್ದು. ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’, ಯಾವುದಾದರೂ ಆದೀತು. ‘ಮುಕ್ತ’ದಲ್ಲಿ ಅವರೇ ವಕೀಲ ಸಿಎಸ್‌ಪಿ ಆಗಿ ಬರುವ ಕೋರ್ಟಿನ ದೃಶ್ಯಗಳಿಗೆ ಮನೆಮಂದಿಯೆಲ್ಲ ಪಕ್ಷ ಹಿಡಿದು ಜಗಳ ಆಡುತ್ತಿದ್ದರು. ದಿನದ ಧಾರಾವಾಹಿ ಅಂದರೆ ಹೀಗೂ ಇರಬಹುದು ಎಂದು ತೋರಿಸಿದವರು ಅವರು. ನೀರು ಬೆರೆಸಿದ ಕಂತುಗಳೂ ಇವೆ, ಅದು ದಿನದ ಧಾರಾವಾಹಿಯ ಹಣೆಬರಹ. ಐದು ದಿನವೂ ಕಥೆ ಬೇಕು, ಬರೆಯುವವರಿಗೆ ಉಸಿರು ಬಿಡಲಿಕ್ಕೆ ಸಮಯ ಇಲ್ಲ.

ಬೆಳದಿಂಗಳು ಅವರ ನಿಯಮಕ್ಕೆ ಇಲ್ಲೊಂದು ಪರೀಕ್ಷೆ ಉಂಟು. ಸೀತಾರಾಮ್ ಅವರದ್ದೇ ‘ಮಗಳು ಜಾನಕಿ’ 2018ರಲ್ಲಿ ಶುರುವಾಗಿ 2020ರ ಲಾಕ್‌ಡೌನ್ ಹೊತ್ತಿಗೆ ನಿಂತುಹೋಯಿತು. ಅಪ್ಪನ ತಪ್ಪಿನ ಎದುರು ನಿಲ್ಲುವ ಮಗಳ ಕಥೆ. ಕೊನೆ ಇಲ್ಲ. ಆದರೂ ನಮ್ಮ ಮನೆಯಲ್ಲಿ ಈಗಲೂ ಜಾನಕಿಯ ಮಾತು ಬರುತ್ತದೆ.

ಮಣಿಪಾಲದ ಮಳೆ

ನಾನು ಮೇಲೆ ಹೇಳಿದ್ದೂ ಅದೇ. ಜಾನಕಿ ಎಂಬ ಹುಡುಗಿ ಮುಖ್ಯ, ಕೊನೆ ಅಲ್ಲ.

ಜೆಪ್ಪು ಜಂಕ್ಷನ್

ಅತ್ತೆಗೆ ಮಲಯಾಳಂ ಸ್ವಲ್ಪ ತಿಳಿಯುತ್ತದಾ? ನಮ್ಮಲ್ಲಿ ಕಾಸರಗೋಡು ಕಡೆ ನಂಟು ಇಲ್ಲದ ಮನೆ ಕಡಿಮೆ. 2023ರ ‘ಕೇರಳ ಕ್ರೈಮ್ ಫೈಲ್ಸ್’ ಆರೇ ಕಂತು. ಒಂದು ಕೊಲೆ, ಒಂದು ಠಾಣೆ, ಆರು ದಿನ. ಪೊಲೀಸರು ಸುಸ್ತಾದ ಮನುಷ್ಯರ ಹಾಗೆ ಕಾಣುತ್ತಾರೆ, ಹೀರೋಗಳ ಹಾಗೆ ಅಲ್ಲ. ಕನ್ನಡ ಧ್ವನಿಯೂ ಇದೆ. ಎರಡನೇ ಸೀಸನ್ ಬೇರೆಯೇ ಪ್ರಕರಣ, ಹಾಗಾಗಿ ಒಂದನ್ನೇ ನೋಡಿ ಬಿಟ್ಟರೂ ನಷ್ಟ ಇಲ್ಲ.

ಬಿಜೈ ಬೆಳದಿಂಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯ ಹತ್ತಿರ ಕೇಳಿದೆ. ‘ಗುಡ್ಡದ ಭೂತ’ ಎನ್ನುವಷ್ಟರಲ್ಲಿ ಹಾಡು ಶುರು ಮಾಡಿದರು, ಕುಂದಾಪುರದವರ ಮಾತು ನಿಜ.

ಲೆಕ್ಕ ಹೀಗೆ ಹಾಕಿದ್ದೇವೆ. ಮೊದಲ 149 ರೂಪಾಯಿ ‘ಏಕಂ’ಗೆ. ಮಲ್ಲಿಗೆ ಹೇಳಿದ ಹಾಗೆ ಏಳೂ ಕಥೆ ಪೂರ್ತಿ ನೋಡುತ್ತೇವೆ, ನಿಧಾನ ಅನಿಸಿದರೂ ಬಂದ್ ಮಾಡುವುದಿಲ್ಲ. ಅತ್ತೆ ಜೊತೆ ರಾತ್ರಿ ಊಟಕ್ಕೆ ಮೊದಲು ‘ಮಾಲ್ಗುಡಿ ಡೇಸ್’, ದಿನಕ್ಕೆ ಒಂದು. ಅತ್ತೆ ಮಲಗಿದ ಮೇಲೆ ನಾವಿಬ್ಬರು ಮೊದಲು ‘ಚೆರ್ನೋಬಿಲ್’, ಆಮೇಲೆ ‘ದಿ ವೈರ್’. ಎರಡೂ ಎಚ್‌ಬಿಒದ್ದೇ ಆದ್ದರಿಂದ ಒಂದೇ ಚಂದಾದಲ್ಲಿ ಆಗುತ್ತದೆ. ಉಳಿದ ದುಡ್ಡಿನಲ್ಲಿ ಆಗಸ್ಟ್‌ಗೆ ಒಂದು ತಿಂಗಳು ಝೀ5, ಹೊಸ ಕನ್ನಡ ಸರಣಿಗಳಿಗೆ.

ನನ್ನ ನಿಯಮ ಬಿಟ್ಟಿಲ್ಲ. ಬೇರೆ ಭಾಷೆಯ ಒಗಟಿನ ಕಥೆಗಳಿಗೆ ಅದು ಹಾಗೇ ಇರುತ್ತದೆ. ಕನ್ನಡದ ಹೊಸ ಸರಣಿಗೆ ಮಾತ್ರ ಕಾಯುವುದಿಲ್ಲ.

ದುಬೈನಿಂದ ಉಳ್ಳಾಲ

ಚೆನ್ನಾಗಿದೆ ಅಕ್ಕ. ‘ದಿ ವೈರ್’ ಇಷ್ಟ ಆದರೆ ಹೇಳಿ, ಡಿಸೆಂಬರ್‌ಗೆ ಬರುವಾಗ ಪೂರ್ತಿ ಸೆಟ್ ತರುತ್ತೇನೆ. ಅಷ್ಟರಲ್ಲಿ ಮನೆಯ ಪ್ಲೇಯರ್ ಯಾವ ಪ್ರದೇಶದ್ದು ಎಂದು ನೋಡಿಡಿ.

ಜೆಪ್ಪು ಜಂಕ್ಷನ್

ಚಂದಾ ಕಟ್ಟಿದ ದಿನವೇ ಆಟೋ ರಿನ್ಯೂವಲ್ ನಿಲ್ಲಿಸಿ. ನಿಲ್ಲಿಸಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು. ಯುಪಿಐ ಮೂಲಕ ಕಟ್ಟಿದ್ದರೆ ಆ ಆ್ಯಪ್‌ನಲ್ಲೇ ಆಟೋಪೇ ಎಂಬ ಜಾಗ ಇರುತ್ತದೆ, ಅಲ್ಲಿಯೂ ಒಮ್ಮೆ ನೋಡಿ. ಇಲ್ಲದಿದ್ದರೆ ‘ಏಕಂ’ನಂಥ ಇನ್ನೊಂದು ಸರಣಿಗೆ ಆಗುವಷ್ಟು ದುಡ್ಡು ಗೊತ್ತಿಲ್ಲದೆ ಹೋಗುತ್ತದೆ.